ಬಿ.ಡಿ. ರಸ್ತೆ ಯಾರದು?

ಚಿತ್ರದುರ್ಗಕ್ಕೆ ಹೋದವರೆಲ್ಲ ಕೋಟೆ ನೋಡ್ತಾರೆ. ಓಬವ್ವನ ಕಿಂಡಿ ಮುಂದೆ ನಿಂತು ಫೋಟೊ ತೆಗೆಸ್ಕೊಳ್ತಾರೆ. ಚಂದ್ರವಳ್ಳಿಗೆ ಹೋಗಿ ಬರ್ತಾರೆ. ಆಮೇಲೆ ಹೈವೇ ಹತ್ತಿ ಬೆಂಗಳೂರಿಗೋ ದಾವಣಗೆರೆಗೋ ಹೊರಟುಬಿಡ್ತಾರೆ. ಕೋಟೆಯ ಕೆಳಗಿರೋ ಊರನ್ನು ಯಾರೂ ನೋಡೋದಿಲ್ಲ. ಇವತ್ತು ನಾನು ಆ ಊರಿನ ಬಗ್ಗೆ ಮಾತಾಡ್ತೀನಿ.

ಕಳೆದ ಸಲ ದುರ್ಗಕ್ಕೆ ಹೋದಾಗ ಪೇಟೆಯಲ್ಲಿ ಒಂದು ಟೀ ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯವರು ಗುರುತು ಹಿಡಿದರು. ಟೀ ಕೊಟ್ಟು ಕೇಳಿದರು: ‘ಸಾರ್, ನೀವು ಟಿವಿಯೋರು ದಿನಾ ರಸ್ತೆ ಅಗಲ ಆಗ್ಲಿ, ಊರು ಅಭಿವೃದ್ಧಿ ಆಗ್ಲಿ ಅಂತೀರಿ. ಆಗ್ಲಿ ಬಿಡಿ, ಬೇಡ ಅಂದೋರ್ಯಾರು? ಬಿಲ್ಡಿಂಗ್ ಒಡೆದ್ರೆ ಓನರ್‌ಗೆ ದುಡ್ಡು ಬರುತ್ತೆ. ಇಪ್ಪತ್ತು ವರ್ಷದಿಂದ ಬಾಡಿಗೆ ಕಟ್ಕೊಂಡು ಬಂದಿರೋ ನನಗೇನು ಬರುತ್ತೆ?’

ನನ್ನ ಹತ್ರ ಉತ್ತರ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತು ಎಷ್ಟೋ ಸಲ ‘ರಸ್ತೆ ಅಗಲೀಕರಣಕ್ಕೆ ಅಡ್ಡಿ ಮಾಡುವವರು ಯಾರು?’ ಅಂತ ಜೋರು ದನಿಯಲ್ಲಿ ಕೇಳಿದವನು ನಾನೇ. ಟೀ ಅಂಗಡಿ ಮುಂದೆ ಬಾಯಿ ಕಟ್ಟಿತು. ವಾಪಸ್ ಬಂದು ಓದಿದೆ, ತಿಳಿದವರನ್ನು ಕೇಳಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತೀನಿ. ಇದು ದುರ್ಗದೋರ ಕಥೆ ಮಾತ್ರ ಅಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಮೇನ್ ರೋಡಿಗೆ ಬೇಕಾದರೂ ಇದು ಅನ್ವಯ ಆಗುತ್ತೆ.

ಮೊದಲು ಈ ಊರು ಹೇಗೆ ಬೆಳೆಯಿತು ಅಂತ ನೋಡೋಣ. ಅದು ಗೊತ್ತಾಗದೆ ಇವತ್ತಿನ ಇಕ್ಕಟ್ಟು ಅರ್ಥ ಆಗೋದಿಲ್ಲ.

ದುರ್ಗ ಅಂದರೆ ಏಳು ಸುತ್ತಿನ ಕೋಟೆ. ಆ ಸುತ್ತುಗಳೆಲ್ಲ ಬೆಟ್ಟದ ಮೇಲಿಲ್ಲ. ಕೆಳಗಿನ ಸುತ್ತುಗಳು ಬಯಲಲ್ಲಿ, ಊರೊಳಗೇ ಇವೆ. ಇವತ್ತಿಗೂ ರಂಗಯ್ಯನ ಬಾಗಿಲು ಊರಿನ ನಡುವೆ ನಿಂತಿದೆ. ಪಾಳೆಯಗಾರರ ಕಾಲದಲ್ಲಿ ಪೇಟೆ ಬೆಳೆದದ್ದು ಕೋಟೆಯ ಮಡಿಲಲ್ಲಿ. ಆಗಿನ ಬೀದಿಗೆ ಎತ್ತಿನ ಗಾಡಿ ಹೋದರೆ ಸಾಕಿತ್ತು. 1779ರಲ್ಲಿ ಹೈದರಾಲಿ ಕೋಟೆ ಗೆದ್ದ. ಮದಕರಿ ನಾಯಕನ ರಾಜ್ಯ ಮುಗಿಯಿತು, ಪೇಟೆ ಮಾತ್ರ ಉಳಿಯಿತು. ಆಮೇಲೆ ಬಂದದ್ದು ಬೆಂಗಳೂರು–ಪುಣೆ ಹೆದ್ದಾರಿ. ಅದು ಊರಿನ ಹೊಟ್ಟೆಯ ಮೂಲಕವೇ ಹಾದುಹೋಯಿತು. ಲಾರಿ, ಬಸ್ಸು ನಿಲ್ಲುವ ಕಡೆ ಹೋಟೆಲ್ ಬಂತು, ಟೈರ್ ಅಂಗಡಿ ಬಂತು, ಲಾಡ್ಜ್ ಬಂತು. ಹೆದ್ದಾರಿಯೇ ಊರಿನ ಬಜಾರಾಯಿತು.

ಆಮೇಲೆ ಚತುಷ್ಪಥ ಬಂತು, ಬೈಪಾಸ್ ಬಂತು. ದೂರದ ಲಾರಿಗಳು ಊರ ಹೊರಗೆ ಹೋದವು. ಸಂಚಾರ ಕಡಿಮೆಯಾಗಬೇಕಿತ್ತು ಅಲ್ವಾ? ಆಗಲಿಲ್ಲ. ಲಾರಿ ಹೋದ ಜಾಗಕ್ಕೆ ಊರಿನದೇ ಬೈಕು, ಆಟೊ, ಕಾರು ಬಂದವು. ಕಲೆಕ್ಟರ್ ಕಚೇರಿ, ಕೋರ್ಟು, ಜಿಲ್ಲಾಸ್ಪತ್ರೆ, ಬಸ್‌ಸ್ಟ್ಯಾಂಡು, ಕಾಲೇಜುಗಳು ಇರೋ ಊರು ಇದು. ಆರು ತಾಲ್ಲೂಕಿನ ಜನ ಏನೇ ಕೆಲಸ ಇದ್ದರೂ ಬರೋದು ಇಲ್ಲಿಗೇ. ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿ ಪ್ರಕಾರ 16 ಲಕ್ಷದ 59 ಸಾವಿರ. ಊರಿನ ಜನ ಒಂದೂವರೆ ಲಕ್ಷದ ಆಸುಪಾಸು. ಅಂದರೆ ಬಿ.ಡಿ. ರಸ್ತೆ ಊರಿನವರ ರಸ್ತೆ ಮಾತ್ರ ಅಲ್ಲ, ಇಡೀ ಜಿಲ್ಲೆಯ ರಸ್ತೆ.

ಹಾಗಾದರೆ ಊರು ಬೇರೆ ಕಡೆ ಬೆಳೆಯಬಾರದಾ ಅಂತ ನೀವು ಕೇಳಬಹುದು. ಒಂದು ಮಗ್ಗುಲಲ್ಲಿ ಬೆಟ್ಟ ಇದೆ, ಕೋಟೆ ಇದೆ. ಕೋಟೆ ಪುರಾತತ್ವ ಇಲಾಖೆಯದು. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಇದು ಸ್ಮಾರಕ ಉಳಿಸೋಕೆ ಬೇಕಾದ ಕಾನೂನು, ತಕರಾರಿಲ್ಲ. ಆದರೆ ಹಳೇ ಪೇಟೆಯವನ ಸ್ಥಿತಿ ನೋಡಿ. ಕೋಟೆ ಕಡೆ ಕಟ್ಟುವ ಹಾಗಿಲ್ಲ. ರಸ್ತೆ ಕಡೆ ಉಳಿಸಿಕೊಳ್ಳುವ ಭರವಸೆ ಇಲ್ಲ. ಹಿಂದೆ ಬಂಡೆ, ಮುಂದೆ ಬುಲ್ಡೋಜರ್.

ಇದರ ಮೇಲೆ ಇನ್ನೊಂದು ನೋವಿದೆ. ದುರ್ಗದ ಹಿರಿಯರು ಅದನ್ನು ಬಾಯಿಬಿಟ್ಟು ಹೇಳೋದು ಕಡಿಮೆ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಆ ವರ್ಷ ಆಗಸ್ಟ್ 15ಕ್ಕೆ ಅದು ಪ್ರತ್ಯೇಕ ಜಿಲ್ಲೆಯಾಯಿತು. ಹರಿಹರ, ಜಗಳೂರು ಜೊತೆಗೆ ಹೋದವು. ಭದ್ರಾ ನಾಲೆಯ ನೀರು, ಮಿಲ್ಲು, ಮಂಡಿ, ವ್ಯಾಪಾರ, ಎಲ್ಲ ಆ ಕಡೆ. ಕೋಟೆ, ಬಯಲುಸೀಮೆ, ಬೋರ್‌ವೆಲ್ಲು ಈ ಕಡೆ. 2009ರಲ್ಲಿ ವಿಶ್ವವಿದ್ಯಾಲಯ ಬಂದದ್ದು ದಾವಣಗೆರೆಗೆ. ದುರ್ಗದ ಕಾಲೇಜುಗಳು ಅದರ ಕೆಳಗೆ ಸೇರಿದವು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಹೊರಬಿತ್ತು. ಕರ್ನಾಟಕದಿಂದ ಎರಡು ಹೆಸರು, ಬೆಳಗಾವಿ ಮತ್ತು ದಾವಣಗೆರೆ. ಒಂದು ಕಾಲಕ್ಕೆ ದಾವಣಗೆರೆಯವರು ಸಹಿಗೆ, ಸೀಲಿಗೆ ದುರ್ಗಕ್ಕೆ ಬರ್ತಿದ್ದರು. ಈಗ ದುರ್ಗದೋರು ಮದುವೆ ಬಟ್ಟೆಗೆ ದಾವಣಗೆರೆಗೆ ಹೋಗ್ತಾರೆ.

ಹೀಗೆ ಹಿಂದೆ ಬಿದ್ದ ಊರಿನಲ್ಲಿ ‘ಅಭಿವೃದ್ಧಿ’ ಅನ್ನೋ ಮಾತಿಗೆ ತೂಕ ಜಾಸ್ತಿ. ಕಣ್ಣಿಗೆ ಕಾಣುವ ಏನಾದರೂ ಆಗಬೇಕು. ಕಣ್ಣಿಗೆ ಕಾಣೋದು ಯಾವುದು? ರಸ್ತೆ, ಡಿವೈಡರ್, ಲೈಟ್ ಕಂಬ. ಈ ರಸ್ತೆಗಳ ಡಿವೈಡರ್ ಬಗ್ಗೆ ಊರಲ್ಲಿ ಎಷ್ಟು ಮಾತಾಗಿದೆ ಅಂತ ದುರ್ಗದ ವೀಕ್ಷಕರಿಗೆ ನಾನು ಹೇಳಬೇಕಾಗಿಲ್ಲ. ‘ಅವೈಜ್ಞಾನಿಕ ಡಿವೈಡರ್’ ಅನ್ನೋ ಪದ ಈ ಊರಿನ ಹೋಟೆಲ್ ಹರಟೆಯ ಪದ ಆಗಿಬಿಟ್ಟಿದೆ.

ಅವೈಜ್ಞಾನಿಕ ಅಂದರೆ ಏನು? ಒಂದು ಸಣ್ಣ ಲೆಕ್ಕ ಮಾಡೋಣ. ಅರವತ್ತು ಅಡಿ ಅಗಲದ ಒಂದು ರಸ್ತೆ ಇದೆ ಅಂತ ಇಟ್ಟುಕೊಳ್ಳಿ. ಅಂದರೆ ಹೆಚ್ಚು ಕಡಿಮೆ 18.3 ಮೀಟರ್. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ. ಇದು ರಾಜಕೀಯ ಪಕ್ಷ ಅಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ. ಅದರ ಅಳತೆ ಪ್ರಕಾರ ವಾಹನದ ಒಂದು ಪಥಕ್ಕೆ ಮೂರೂವರೆ ಮೀಟರ್. ನಾಲ್ಕು ಪಥಕ್ಕೆ 14 ಮೀಟರ್. ಫುಟ್‌ಪಾತ್ ಕನಿಷ್ಠ 1.8 ಮೀಟರ್, ಎರಡು ಕಡೆ ಸೇರಿ 3.6. ಒಟ್ಟು 17.6 ಆಯಿತು. ಉಳಿದದ್ದು 0.7 ಮೀಟರ್, ಅಂದರೆ ಎರಡೂ ಕಾಲು ಅಡಿ. ಡಿವೈಡರ್ ಅದರಲ್ಲೇ ಕೂರಬೇಕು. ಚರಂಡಿ ಫುಟ್‌ಪಾತ್ ಕೆಳಗೆ ಹೋಗಬೇಕು. ಲೆಕ್ಕ ಸರಿಹೋಯಿತು ಅಂದುಕೊಂಡಿರಾ? ವಾಹನ ನಿಲ್ಲಿಸೋದು ಎಲ್ಲಿ? ಆಟೊ ಸ್ಟ್ಯಾಂಡ್ ಎಲ್ಲಿ? ಹೂವಿನ ಬುಟ್ಟಿ, ಹಣ್ಣಿನ ಗಾಡಿ ಎಲ್ಲಿ? ಅವುಗಳಿಗೆ ಒಂದು ಇಂಚೂ ಉಳಿದಿಲ್ಲ. ವ್ಯಾಪಾರದ ಬೀದಿಗೆ ಫುಟ್‌ಪಾತ್ ಎರಡೂವರೆ ಮೀಟರ್ ಇರಬೇಕು ಅನ್ನುತ್ತೆ ಅದೇ ಸಂಸ್ಥೆ. ಹಾಗೆ ಮಾಡಿದರೆ ಡಿವೈಡರಿಗೂ ಜಾಗ ಇಲ್ಲ.

ಇಲ್ಲಿ ಆಗೋದೇನು ಅಂದರೆ, ಕಡತದಲ್ಲಿ ಎಲ್ಲ ಸರಿಯಾಗಿರುತ್ತೆ. ಬೀದಿಯಲ್ಲಿ ಮೊದಲು ಮಾಯವಾಗೋದು ಫುಟ್‌ಪಾತ್. ಬೈಕ್ ಫುಟ್‌ಪಾತ್ ಮೇಲೆ ಹತ್ತುತ್ತೆ, ನಡೆಯೋನು ರಸ್ತೆಗೆ ಇಳೀತಾನೆ. ರಸ್ತೆ ದಾಟಲು ಜಾಗ ಬಿಡದೆ ಡಿವೈಡರ್ ಕಟ್ಟಿದರೆ ವಯಸ್ಸಾದ ಅಜ್ಜಿ ಒಂದು ಫರ್ಲಾಂಗು ಸುತ್ತಿ ಬರಬೇಕು, ಇಲ್ಲ ಸೀರೆ ಎತ್ತಿಕೊಂಡು ಡಿವೈಡರ್ ಹತ್ತಬೇಕು. ಈ ಬದಿಯ ಅಂಗಡಿಯವನಿಗೆ ಆ ಬದಿಯ ಗಿರಾಕಿ ತಪ್ಪಿಹೋದ. ರಸ್ತೆ ಅಗಲ ಆಯಿತು, ಊರು ಎರಡು ಹೋಳಾಯಿತು.

ಹಾಗಂತ ರಸ್ತೆ ಅಗಲ ಮಾಡಲೇಬಾರದು ಅಂತ ನಾನು ಹೇಳ್ತಿಲ್ಲ. ಆಂಬುಲೆನ್ಸ್ ಹೋಗಬೇಕು, ಬಸ್ ತಿರುಗಬೇಕು. ಪ್ರಶ್ನೆ ಇರೋದು ಹೇಗೆ ಮಾಡ್ತೀರಿ ಅನ್ನೋದರಲ್ಲಿ. ಟೀ ಅಂಗಡಿಯವರ ಪ್ರಶ್ನೆಗೆ ಈಗ ಬರ್ತೀನಿ.

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬುಲ್ಡೋಜರ್ ಬಗ್ಗೆ ಅದೇ ತಿಂಗಳು 13ಕ್ಕೆ ಬಂದ ತೀರ್ಪು ಎಲ್ಲರಿಗೂ ಗೊತ್ತು. ಒಂದು ವಾರ ಮೊದಲು ಬಂದ ಇದು ಅಷ್ಟು ಸುದ್ದಿಯಾಗಲಿಲ್ಲ. ಆದರೆ ಮೇನ್ ರೋಡಿನಲ್ಲಿ ಅಂಗಡಿ ಇರೋ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕಾದ ತೀರ್ಪು ಇದು. ಉತ್ತರ ಪ್ರದೇಶದ ಮಹಾರಾಜಗಂಜ್‌ನಲ್ಲಿ 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಒಬ್ಬ ಪತ್ರಕರ್ತರ ಮನೆ ಒಡೆದರು. ಲಿಖಿತ ನೋಟಿಸ್ ಕೊಟ್ಟಿರಲಿಲ್ಲ, ಡಂಗುರ ಸಾರಿದ್ದರು ಅಷ್ಟೆ. ಒತ್ತುವರಿ ಆಗಿತ್ತು ಅಂತ ಹೇಳಿದ್ದು ಹೆಚ್ಚೆಂದರೆ 3.7 ಮೀಟರ್, ಒಡೆದದ್ದು 5ರಿಂದ 8 ಮೀಟರ್. ಸುಪ್ರೀಂ ಕೋರ್ಟ್ 25 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ಅಷ್ಟಕ್ಕೇ ನಿಲ್ಲಿಸಲಿಲ್ಲ, ದೇಶದ ಎಲ್ಲ ರಾಜ್ಯಗಳಿಗೂ ರಸ್ತೆ ಅಗಲೀಕರಣದ ಕ್ರಮವನ್ನು ಬರೆದು ಕಳಿಸಿತು.

ಆ ಕ್ರಮ ಏನು? ಒಂದು, ದಾಖಲೆ ಮತ್ತು ನಕ್ಷೆ ಪ್ರಕಾರ ರಸ್ತೆಯ ಈಗಿನ ಅಗಲ ಎಷ್ಟು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಎರಡು, ಸರ್ವೆ ಮಾಡಿ ಒತ್ತುವರಿ ಇದೆಯಾ ನೋಡಿ. ಮೂರು, ಒತ್ತುವರಿ ಇದ್ದರೆ ಲಿಖಿತ ನೋಟಿಸ್ ಕೊಡಿ. ನಾಲ್ಕು, ಆತ ಆಕ್ಷೇಪ ಸಲ್ಲಿಸಿದರೆ ಕೇಳಿ, ಕಾರಣ ಬರೆದು ತೀರ್ಮಾನ ಕೊಡಿ. ಆಕ್ಷೇಪ ತಳ್ಳಿಹಾಕಿದರೆ ತೆರವಿಗೆ ಸಮಯ ಕೊಡಿ. ಐದು, ಇರುವ ರಸ್ತೆ, ಪಕ್ಕದ ಸರ್ಕಾರಿ ಜಾಗ ಎರಡೂ ಸೇರಿ ಸಾಲದಿದ್ದರೆ ಕಾನೂನು ಪ್ರಕಾರ ಭೂಸ್ವಾಧೀನ ಮಾಡಿಕೊಳ್ಳಿ. ಇದೇ ಕೊನೇ ಮಾತು ಮುಖ್ಯ. ಮಾಸ್ಟರ್ ಪ್ಲಾನಿನಲ್ಲಿ ಗೆರೆ ಎಳೆದ ಮಾತ್ರಕ್ಕೆ ನಿಮ್ಮ ಜಾಗ ನಗರಸಭೆಯದ್ದಾಗೋದಿಲ್ಲ. ಗೋಡೆ ಮೇಲೆ ಕೆಂಪು ಬಣ್ಣದ ಗುರುತು ಹಾಕೋದು ನೋಟಿಸ್ ಅಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನೀವೇ ಚರಂಡಿ ಮೇಲೆ ಚಪ್ಪಡಿ ಹಾಕಿ ಮೆಟ್ಟಿಲು ಮುಂದೆ ತಂದಿದ್ದರೆ, ಶೀಟ್ ಇಳಿಸಿ ಫುಟ್‌ಪಾತ್ ನುಂಗಿದ್ದರೆ, ಈ ತೀರ್ಪು ನಿಮ್ಮನ್ನು ಕಾಪಾಡೋದಿಲ್ಲ. ನೋಟಿಸ್ ಕೊಟ್ಟು, ಕೇಳಿ, ತೆಗೆಸ್ತಾರೆ. ತೆಗೆಸಬೇಕು. ಪರಿಹಾರ ಇರೋದು ನಿಮ್ಮ ಸ್ವಂತ ಜಾಗಕ್ಕೆ, ಊರಿನ ಜಾಗಕ್ಕಲ್ಲ.

ಈಗ ಬಾಡಿಗೆದಾರ. 2013ರ ಭೂಸ್ವಾಧೀನ ಕಾಯ್ದೆ ಓದಿದಾಗ ನನಗೇ ಆಶ್ಚರ್ಯ ಆಯಿತು. ಜಾಗದ ಮಾಲೀಕನಿಗೆ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಮೊತ್ತದ ಇನ್ನೊಂದು ಪಾಲು. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ‘ಬಾಧಿತ ಕುಟುಂಬ’ ಅಂದರೆ ಯಾರು ಅಂತ ಹೇಳುವಾಗ ಕಾಯ್ದೆ ಮಾಲೀಕನ ಹತ್ತಿರವೇ ನಿಲ್ಲೋದಿಲ್ಲ. ನಗರ ಪ್ರದೇಶದಲ್ಲಿ ಸ್ವಾಧೀನಕ್ಕೆ ಮುಂಚಿನ ಮೂರು ವರ್ಷದಿಂದ ಅಲ್ಲಿ ವಾಸವಿದ್ದವರು, ಅಥವಾ ಸ್ವಾಧೀನದಿಂದ ತಮ್ಮ ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬಿದ್ದವರು ಕೂಡ ಆ ಪಟ್ಟಿಗೆ ಬರ್ತಾರೆ. ಅಂದರೆ ಟೀ ಅಂಗಡಿಯವರು ಆ ಪಟ್ಟಿಗೆ ಸೇರುವ ದಾರಿ ಕಾನೂನಿನಲ್ಲೇ ಇದೆ. ಆದರೆ ಅದು ತಾನಾಗಿ ಬರೋದಿಲ್ಲ. ಬಾಡಿಗೆ ರಸೀದಿ ಬೇಕು, ಟ್ರೇಡ್ ಲೈಸೆನ್ಸ್ ಬೇಕು, ಕರೆಂಟ್ ಬಿಲ್ ಬೇಕು. ಬಾಯಿಮಾತಿನ ಬಾಡಿಗೆಗೆ ಕಾಯ್ದೆಯಲ್ಲಿ ಕಿವಿ ಇಲ್ಲ.

ರಸ್ತೆ ಬದಿಯ ಗಾಡಿಯವರಿಗೆ ಬೇರೆಯದೇ ಕಾನೂನು ಇದೆ, 2014ರದ್ದು. ಪ್ರತಿ ಊರಿನಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದ ಹಾಗೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಎಬ್ಬಿಸೋ ಹಾಗಿಲ್ಲ. ಜಾಗ ಬದಲಿಸಬೇಕಾದರೆ 30 ದಿನದ ನೋಟಿಸ್. ಹೂವಮ್ಮನ ಬುಟ್ಟಿಯನ್ನು ಎತ್ತಿ ಟ್ರ್ಯಾಕ್ಟರ್‌ಗೆ ಎಸೆಯೋದು ಅಭಿವೃದ್ಧಿ ಅಲ್ಲ, ಕಾನೂನು ಉಲ್ಲಂಘನೆ.

ದುರ್ಗ ಬಿಟ್ಟು ಸ್ವಲ್ಪ ಸುತ್ತಿ ಬರೋಣ.

ಹಿರಿಯೂರು. ಬೆಂಗಳೂರು ಕಡೆಯಿಂದ ಬಂದರೆ ಜಿಲ್ಲೆಯ ಹೆಬ್ಬಾಗಿಲು. ಹೆದ್ದಾರಿಗಳು ಕೂಡುವ ಊರು. ಇಲ್ಲೂ ಅದೇ ಕಥೆ: ಬೈಪಾಸ್ ಹೊರಗೆ, ಹಳೇ ರಸ್ತೆ ಒಳಗೆ. ಪ್ರಧಾನ ರಸ್ತೆ ಅಗಲೀಕರಣ ಅನ್ನೋದು ಇಲ್ಲಿ ವರ್ಷಗಟ್ಟಲೆ ಎಳೆದ ಮಾತು. ಆದರೆ ಹಿರಿಯೂರಿಗೆ ದುರ್ಗಕ್ಕಿಲ್ಲದ ಒಂದು ಭಾಗ್ಯ ಇದೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ. ಸುಮಾರು 30 ಟಿಎಂಸಿ ನೀರು ಹಿಡಿಯೋ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬೀಳೋಕೆ 89 ವರ್ಷ ಬೇಕಾಯಿತು, 2022ರ ಸೆಪ್ಟೆಂಬರ್‌ಗೆ. 2025ರ ಜನವರಿಯಲ್ಲಿ ಇನ್ನೊಮ್ಮೆ. ಅವತ್ತು ಕೋಡಿ ನೋಡೋಕೆ ಜನ ಜಾತ್ರೆಯ ಹಾಗೆ ಹೋದರು. ಆ ಜನಕ್ಕೆ ಅದು ಬರೀ ನೀರಲ್ಲ.

ಹೊಸದುರ್ಗ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ‘ಹೊಸದುರ್ಗ ರೋಡ್’ ಅಂತ ಸ್ಟೇಷನ್ ಇದೆ. ಆ ‘ರೋಡ್’ ಅನ್ನೋ ಪದದಲ್ಲೇ ಎಲ್ಲ ಇದೆ. ಸ್ಟೇಷನ್ ಒಂದು ಕಡೆ, ಊರು ಇನ್ನೊಂದು ಕಡೆ. ಇದೇ ತಾಲ್ಲೂಕಿನ ಸಾಣೇಹಳ್ಳಿ ನಾಟಕ ಕಟ್ಟಿ ಇಡೀ ರಾಜ್ಯಕ್ಕೆ ಹೆಸರಾಯಿತು. ಒಂದು ಹಳ್ಳಿ ಬಯಲು ರಂಗಮಂದಿರದಿಂದ ಹೆಸರು ಮಾಡಬಹುದಾದರೆ, ಪಟ್ಟಣಕ್ಕೆ ಬರೀ ರಸ್ತೆಯೇ ಅಭಿವೃದ್ಧಿ ಆಗಬೇಕಾ?

ಹೊಳಲ್ಕೆರೆ. ಶಿವಮೊಗ್ಗ ರಸ್ತೆಯ ಊರು, ಬಯಲಲ್ಲೇ ಕೂತ ಗಣಪತಿಯ ಊರು, ಅಡಿಕೆಯ ಸೀಮೆ. ಈ ತಾಲ್ಲೂಕಿಗೆ, ಹೊಸದುರ್ಗಕ್ಕೆ, ದುರ್ಗದ ಒಂದು ಪಾರ್ಶ್ವಕ್ಕೆ ಗಣಿಯ ಕೆಂಪು ಧೂಳಿನ ಲೆಕ್ಕವೂ ಸೇರಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ನಂತರ ಚಿತ್ರದುರ್ಗ, ತುಮಕೂರಲ್ಲೂ ಅದಿರು ಗಣಿಗಾರಿಕೆ ನಿಲ್ಲಿಸಿತ್ತು, ನೆನಪಿರಬಹುದು. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದಿದೆ. ಗಣಿಯವರು ಕಟ್ಟುವ ರಾಜಧನದ ಮೇಲೆ ಒಂದು ಪಾಲು ಅದಕ್ಕೆ ಬರುತ್ತೆ. ಅದರ ಹೆಚ್ಚಿನ ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಕೆಲಸಕ್ಕೆ ಹೋಗಬೇಕು ಅಂತ ನಿಯಮ. ಧೂಳು ತಿಂದ ಹಳ್ಳಿಯ ದುಡ್ಡು ಊರ ನಡುವಿನ ಅಲಂಕಾರದ ದೀಪಕ್ಕೆ ಹೋಗದ ಹಾಗೆ ನೋಡಿಕೊಳ್ಳೋದು ಆ ಹಳ್ಳಿಯವರ ಹಕ್ಕು.

ಈಗ ರಾಜಕೀಯಕ್ಕೆ ಬರೋಣ. ನೀವು ಕಾಯ್ತಾ ಇರೋದು ಇದಕ್ಕೇ ಅಂತ ನನಗೆ ಗೊತ್ತು.

ಚಿತ್ರದುರ್ಗ ಜಿಲ್ಲೆ ಯಾರ ಕೋಟೆಯೂ ಅಲ್ಲ. 2018ರಲ್ಲಿ ಆರರಲ್ಲಿ ಐದು ಸೀಟು ಬಿಜೆಪಿಗೆ, ಚಳ್ಳಕೆರೆ ಒಂದೇ ಕಾಂಗ್ರೆಸ್ಸಿಗೆ. 2023ರಲ್ಲಿ ಐದು ಕಾಂಗ್ರೆಸ್ಸಿಗೆ, ಹೊಳಲ್ಕೆರೆ ಒಂದೇ ಬಿಜೆಪಿಗೆ. ತಟ್ಟೆ ಪೂರ್ತಿ ಮಗುಚಿತು. ಲೋಕಸಭೆ ನೋಡಿ: 1999ರಲ್ಲಿ ನಟ ಶಶಿಕುಮಾರ್, 2004ರಲ್ಲಿ ಎನ್.ವೈ. ಹನುಮಂತಪ್ಪ, 2009ರಲ್ಲಿ ಜನಾರ್ದನ ಸ್ವಾಮಿ, 2014ರಲ್ಲಿ ಬಿ.ಎನ್. ಚಂದ್ರಪ್ಪ, 2019ರಲ್ಲಿ ಎ. ನಾರಾಯಣಸ್ವಾಮಿ, 2024ರಲ್ಲಿ ಗೋವಿಂದ ಕಾರಜೋಳ. ಆರು ಚುನಾವಣೆ, ಆರು ಸಂಸದರು. ಒಬ್ಬರಿಗೂ ಸತತ ಎರಡನೇ ಅವಧಿ ಇಲ್ಲ. ನಾರಾಯಣಸ್ವಾಮಿ ಆನೇಕಲ್ಲಿನವರು, ಕಾರಜೋಳ ಮುಧೋಳದವರು.

ಇದು ಮತದಾರ ಎಚ್ಚರವಾಗಿದ್ದಾನೆ ಅನ್ನೋದಕ್ಕೆ ಸಾಕ್ಷಿ, ಒಪ್ಪೋಣ. ಆದರೆ ಇದರ ಬೆಲೆಯೂ ಇದೆ. ದೊಡ್ಡ ಕೆಲಸಕ್ಕೆ ಹತ್ತು–ಹದಿನೈದು ವರ್ಷ ಬೆನ್ನು ಹತ್ತುವವರು ಬೇಕು. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹೋಗಬೇಕು. ಮಂಜೂರಾದದ್ದು 2011–12ರಲ್ಲಿ. ಭದ್ರಾ ಮೇಲ್ದಂಡೆಗೆ 2023ರ ಫೆಬ್ರವರಿ ಬಜೆಟ್‌ನಲ್ಲಿ ಕೇಂದ್ರ 5,300 ಕೋಟಿ ಘೋಷಿಸಿತು. ದುಡ್ಡು ಬರಲಿಲ್ಲ ಅಂತ ರಾಜ್ಯ ಹೇಳ್ತಾನೇ ಇದೆ. ಇಂಥ ಕೆಲಸ ಐದು ವರ್ಷದ ಒಳಗೆ ಮುಗಿಯೋದಿಲ್ಲ. ಮುಂದಿನ ಸಲ ಟಿಕೆಟ್ ಸಿಗುತ್ತೋ ಇಲ್ಲವೋ ಗೊತ್ತಿಲ್ಲದವನು ಏನು ಮಾಡ್ತಾನೆ? ಆರು ತಿಂಗಳಲ್ಲಿ ಮುಗಿಯೋದನ್ನು ಮಾಡ್ತಾನೆ. ಆರು ತಿಂಗಳಲ್ಲಿ ಮುಗಿಯೋದು ಡಿವೈಡರ್.

ನಿಜವಾಗಿ ಬಿ.ಡಿ. ರಸ್ತೆಯ ಬಗ್ಗೆ ಮಾತಾಡಬೇಕಾದವರು ಯಾರು? ಸಂಸದರಲ್ಲ, ನಗರಸಭೆಯ ಸದಸ್ಯರು. ಅಲ್ಲಿ ಏನಾಯಿತು ನೋಡಿ. 2018ರ ಆಗಸ್ಟ್ ಕೊನೆಗೆ ಚಿತ್ರದುರ್ಗ ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ಆಯಿತು. ಅಧ್ಯಕ್ಷರ ಮೀಸಲಾತಿ ಪಟ್ಟಿಯ ಜಗಳ ಹೈಕೋರ್ಟಿಗೆ ಹೋಯಿತು. ಅಧ್ಯಕ್ಷರು ಕುರ್ಚಿ ಹತ್ತಿದ್ದು ಎರಡು ವರ್ಷದ ನಂತರ, 2020ರ ಕೊನೆಗೆ. ಎರಡನೇ ಅವಧಿಯ ಮೀಸಲಾತಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ, ಅದೂ ವರ್ಷಕ್ಕಿಂತ ತಡ. ಗೆದ್ದ ಸದಸ್ಯ ಇದ್ದ, ಅವನಿಗೆ ಸಭೆ ಇರಲಿಲ್ಲ. ಆಗ ಊರು ನಡೆಸಿದ್ದು ಆಡಳಿತಾಧಿಕಾರಿ. ವಾರ್ಡ್ ಸಮಿತಿ ಮಾಡಿಕೊಳ್ಳೋಣ ಅಂದರೆ, ಸಂವಿಧಾನ ಅದನ್ನು ಕಡ್ಡಾಯ ಮಾಡಿರೋದು ಮೂರು ಲಕ್ಷ ಜನಸಂಖ್ಯೆ ಇರುವ ಊರಿಗೆ. ದುರ್ಗ ಆ ಲೆಕ್ಕಕ್ಕೂ ಬರೋದಿಲ್ಲ. ಹಾಗಾಗಿ ಊರಿನ ಚರ್ಚೆ ಎಲ್ಲಿ ನಡೆಯುತ್ತೆ? ಹೋಟೆಲಿನಲ್ಲಿ, ವಾಟ್ಸಾಪಿನಲ್ಲಿ, ಟೀ ಅಂಗಡಿ ಮುಂದೆ. ಸಭೆಯ ನಡಾವಳಿ ಪುಸ್ತಕದಲ್ಲಿ ಅಲ್ಲ.

ಇನ್ನು ಕ್ರೀಡೆ. ರಸ್ತೆ ವಿಷಯಕ್ಕೂ ಆಟಕ್ಕೂ ಏನು ಸಂಬಂಧ ಅಂತೀರಾ? ಊರ ನಡುವೆ ಖಾಲಿ ಉಳಿದಿರೋ ದೊಡ್ಡ ಜಾಗ ಯಾವುದು? ಮೈದಾನ. ಪಾರ್ಕಿಂಗ್ ಬೇಕಾ, ಸಮಾವೇಶ ಬೇಕಾ, ವಸ್ತುಪ್ರದರ್ಶನ ಬೇಕಾ, ಎಲ್ಲರ ಕಣ್ಣೂ ಮೈದಾನದ ಮೇಲೆ. ದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನವನ್ನೇ ತಗೊಳ್ಳಿ. ಆ ಮಣ್ಣು ಚೆಂಡಿಗಿಂತ ಹೆಚ್ಚು ಶಾಮಿಯಾನದ ಗೂಟ ಕಂಡಿದೆ. ಒಂದು ಸಮಾವೇಶ ಒಂದು ದಿನದ್ದು. ಗೂಟದ ಗುಂಡಿ, ಜಲ್ಲಿ, ಕುಡಿದು ಬಿಸಾಕಿದ ಬಾಟಲಿ ಎಷ್ಟು ದಿನದ್ದು? ಬರಿಗಾಲಲ್ಲಿ ಕೊಕ್ಕೊ ಆಡುವ ಹುಡುಗಿಯನ್ನು ಕೇಳಿ.

ಈ ಜಿಲ್ಲೆಗೆ ಕ್ರೀಡಾ ಸಚಿವ ಸ್ಥಾನವೂ ಸಿಕ್ಕಿತ್ತು. 2008ರಲ್ಲಿ ಬಿಜೆಪಿಗೆ 110 ಸೀಟು ಬಂತು, ಬಹುಮತಕ್ಕೆ ಕೊರತೆ. ಪಕ್ಷೇತರರು ಕೈಹಿಡಿದರು. ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್ ಇಬ್ಬರೂ ಮಂತ್ರಿಗಳಾದರು. ಗೂಳಿಹಟ್ಟಿಯವರಿಗೆ ಸಿಕ್ಕಿದ್ದು ಯುವಜನ ಸೇವೆ ಮತ್ತು ಕ್ರೀಡೆ. ಇವತ್ತು ರಾಜ್ಯದ ಜನಕ್ಕೆ ಅವರ ಹೆಸರಿನ ಜೊತೆ ನೆನಪಾಗೋದು ಯಾವ ಸ್ಟೇಡಿಯಂ? 2010ರ ಅಕ್ಟೋಬರ್‌ನ ವಿಶ್ವಾಸಮತದ ದಿನ ವಿಧಾನಸಭೆಯಲ್ಲಿ ಹರಿದುಕೊಂಡ ಅಂಗಿ ನೆನಪಾಗುತ್ತೆ. ಅದನ್ನು ಹತ್ತು ಸಲ ತೋರಿಸಿದ್ದು ನಾವೇ ಟಿವಿಯವರು. ತಾಲ್ಲೂಕು ಕ್ರೀಡಾಂಗಣದ ಟ್ರ್ಯಾಕ್ ಒಂದು ಸಲವೂ ತೋರಿಸಲಿಲ್ಲ. ಆ ತಪ್ಪು ನಮ್ಮದು.

ಜಿಲ್ಲಾ ಕ್ರೀಡಾಂಗಣಕ್ಕೆ ವೀರವನಿತೆ ಒನಕೆ ಓಬವ್ವನ ಹೆಸರು. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತೆ. ಒಳ್ಳೇದು. ಆದರೆ ಓಬವ್ವನ ಹೆಸರಿನ ಮೈದಾನದಲ್ಲಿ ಸಂಜೆ ಏಳು ಗಂಟೆಗೆ ಒಬ್ಬ ಹುಡುಗಿ ನಿರ್ಭಯವಾಗಿ ಓಡಬಹುದಾ? ಬೆಳಕು ಇರುತ್ತಾ? ಶೌಚಾಲಯದ ಬೀಗ ತೆಗೆದಿರುತ್ತಾ? ಜಯಂತಿಯ ಹಾರಕ್ಕಿಂತ ಈ ಮೂರು ಪ್ರಶ್ನೆ ದೊಡ್ಡವು. ಇನ್ನೊಂದು ಮಾತು. ಹಗ್ಗವಿಲ್ಲದೆ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್, ನಮ್ಮ ‘ಕೋತಿರಾಜ’, ದೇಶಕ್ಕೇ ಗೊತ್ತು. ಗೋಡೆ ಹತ್ತುವ ಆಟ ಟೋಕಿಯೊದಿಂದ ಒಲಿಂಪಿಕ್ಸ್ ಸ್ಪರ್ಧೆಯಾಗಿದೆ. ಬಂಡೆಗಳ ಊರಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಆಟ ಯಾವುದಿದೆ? ಕಲಿಯೋಕೆ ಸುರಕ್ಷಿತವಾದ ಒಂದು ಕೃತಕ ಗೋಡೆಗೆ ಬೇಕಾದದ್ದು ಮೈದಾನದ ಒಂದು ಮೂಲೆ.

ಮೈದಾನ ಉಳಿಸೋಕೂ ಕಾನೂನಿದೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ. ಊರಿನಲ್ಲಿ ಇಂಥ ಜಾಗ ಯಾವುವು ಅಂತ ಪಟ್ಟಿ ಮಾಡಿ ಪ್ರಕಟಿಸಬೇಕು. ಪಟ್ಟಿಯಲ್ಲಿದ್ದ ಜಾಗವನ್ನು ಮನಸ್ಸಿಗೆ ಬಂದ ಹಾಗೆ ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ. ನಿಮ್ಮ ಊರಿನ ಪಟ್ಟಿ ಎಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ ಅಷ್ಟೆ.

ಕೊನೆಗೆ ಒಂದು ಕಹಿ ನೆನಪು. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದರು. ಹಲವರು ವಾಪಸ್ ಬರಲೇ ಇಲ್ಲ. ಅದು ದೂರದ ಹಳ್ಳಿ ಅಲ್ಲ, ನಗರದ್ದೇ ಒಂದು ಭಾಗ. ದಲಿತರು, ಬಡವರು ಇರುವ ಹಟ್ಟಿ. ಊರ ನಡುವೆ ಲೈಟ್ ಕಂಬ ಝಗಮಗ ಅಂತಿದ್ದ ಹೊತ್ತಿನಲ್ಲೇ ಊರಂಚಿನ ನಲ್ಲಿಯಲ್ಲಿ ಸಾವು ಬಂತು. ರಸ್ತೆ ಮೇಲೆ ಕಾಣೋದು ಅಭಿವೃದ್ಧಿ. ರಸ್ತೆ ಕೆಳಗೆ ಇರೋದು ಜೀವ: ನೀರಿನ ಪೈಪು, ಒಳಚರಂಡಿ. ಡಾಂಬರು ಹಾಕುವ ಮುನ್ನ ಕೆಳಗಿನ ಪೈಪು ಬದಲಿಸಿದಿರಾ ಅಂತ ಯಾರಾದರೂ ಕೇಳಿದಿರಾ?

ಹಾಗಾಗಿ ಮುಂದಿನ ಸಲ ನಿಮ್ಮ ಊರಿನ ಮೇನ್ ರೋಡಿಗೆ ಜೆಸಿಬಿ ಬಂದಾಗ, ಪರ–ವಿರೋಧ ಅಂತ ಎರಡು ಗುಂಪಾಗೋ ಮೊದಲು ಐದು ಪ್ರಶ್ನೆ ಕೇಳಿ. ದಾಖಲೆಯಲ್ಲಿ ರಸ್ತೆ ಎಷ್ಟು ಅಗಲ? ನೋಟಿಸ್ ಯಾರಿಗೆ, ಯಾವತ್ತು ಕೊಟ್ಟಿರಿ? ಬಾಡಿಗೆದಾರರ, ಗಾಡಿಯವರ ಪಟ್ಟಿ ಮಾಡಿದಿರಾ? ನಡೆಯೋನಿಗೆ, ದಾಟೋನಿಗೆ ಎಷ್ಟು ಜಾಗ ಬಿಟ್ಟಿರಿ? ಕೆಳಗಿನ ಪೈಪು ಹೊಸದಾ? ಈ ಐದಕ್ಕೂ ಕಾಗದದಲ್ಲಿ ಉತ್ತರ ಸಿಕ್ಕರೆ ಅಗಲೀಕರಣಕ್ಕೆ ಜೈ ಅನ್ನಿ, ನಾನೂ ಅಂತೀನಿ. ಸಿಗದಿದ್ದರೆ ಅದು ರಸ್ತೆ ಕೆಲಸ ಅಲ್ಲ, ಬಿಲ್ಲಿನ ಕೆಲಸ.

ಆ ಟೀ ಅಂಗಡಿಯವರಿಗೆ ಮೊನ್ನೆ ಫೋನ್ ಮಾಡಿದೆ. ‘ಬಾಡಿಗೆ ರಸೀದಿ ಇಟ್ಟುಕೊಂಡಿದ್ದೀರಾ?’ ಅಂತ ಕೇಳಿದೆ. ‘ಓನರ್ ರಸೀದಿ ಕೊಡಲ್ಲ ಸಾರ್, ಪುಸ್ತಕದಲ್ಲಿ ಬರ್ಕೊಂತಾರೆ’ ಅಂದರು. ‘ಈ ತಿಂಗಳಿಂದ ಫೋನ್‌ಪೇ ಮಾಡಿ’ ಅಂದೆ. ನಕ್ಕರು. ಅಭಿವೃದ್ಧಿಯ ಇಷ್ಟು ದೊಡ್ಡ ಚರ್ಚೆಯಲ್ಲಿ ಅವರ ಕೈಗೆ ನಾನು ಕೊಡಬಹುದಾಗಿದ್ದು ಅಷ್ಟೇ ಸಣ್ಣ ಮಾತು. ಆದರೆ ಕೋಟೆ ಕಾದದ್ದು ಕೂಡ ಫಿರಂಗಿ ಅಲ್ಲವಲ್ಲ, ಕೈಗೆ ಸಿಕ್ಕ ಒನಕೆ.